ಮೊಳೆ ಅಚ್ಚು ಕೈಕೊಟ್ಟಾಗ: ಟ್ರೆಡಲ್ ಮಷೀನಿನಲ್ಲಿ ಪುಟ್ಟ ಪುಸ್ತಕ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಗದಗ-ಬೆಟಗೇರಿಯಲ್ಲಿ ಬಾಗಿಲು ಹಾಕಿದ್ದ ಅಚ್ಚುಕೂಟವೊಂದರಿಂದ ಕಾಲಿನಿಂದ ತುಳಿದು ಅಚ್ಚು ಹಾಕುವ ಸಣ್ಣದೊಂದು ಟ್ರೆಡಲ್ ಮಷೀನು, ನಾಲ್ಕು ಕೇಸು (ಖಾನೆಗಳ ಪೆಟ್ಟಿಗೆ) ಕನ್ನಡ ಮೊಳೆ (ಅಚ್ಚಿಗೆ ಜೋಡಿಸುವ ಸೀಸದ ಬಿಡಿ ಅಕ್ಷರ) ಟೆಂಪೋದಲ್ಲಿ ಕೂತು ಧಾರವಾಡದ ನಮ್ಮ ಹಿತ್ತಲ ಕೋಣೆಗೆ ಬಂದವು. ಮೋಡಕಾದವರು ಅದನ್ನು ಕಿಲೋ ಲೆಕ್ಕದಲ್ಲಿ ತೂಗಲು ತಯಾರಾಗಿದ್ದರು; ಅದೇ ದರ ಕೊಟ್ಟು ನಾನು ತಂದೆ. ಮಾಡಬೇಕಿದ್ದದ್ದು ಇಷ್ಟೇ: ನಮ್ಮ ಮನೆತನದ ಹೆಣ್ಣುಮಕ್ಕಳು ಮದುವೆ-ಸೀಮಂತಗಳಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪುಗಳ ಹದಿನಾರು ಪುಟದ ಪುಸ್ತಕ. ನೂರು ಪ್ರತಿ, ಕೈಯಿಂದ ಹೊಲಿದದ್ದು. ಎರಡು ವಾರದ ಕೆಲಸವೆಂದುಕೊಂಡಿದ್ದೆ, ಮಳೆಗಾಲ ಪೂರ್ತಿ ಹೋಯಿತು.

ಆ ಮಳೆಗಾಲದಲ್ಲಿ ಎದುರಾದ ತೊಂದರೆಗಳನ್ನು, ಕಣ್ಣಿಗೆ ಕಂಡ ಲಕ್ಷಣದ ಪ್ರಕಾರ ಇಲ್ಲಿ ಬರೆದಿದ್ದೇನೆ. ಪ್ರತಿ ಲಕ್ಷಣಕ್ಕೂ ದುಡ್ಡು ಖರ್ಚಿಲ್ಲದ ತಪಾಸಣೆ ಮೊದಲು, ಪಾನಾ ಹಿಡಿಯುವ ಕೆಲಸ ಕೊನೆಗೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಅಚ್ಚು ಸರಿ ಬರಲಿಲ್ಲವೆಂದರೆ ಒತ್ತು ಹೆಚ್ಚಿಸುವುದು. ಹಾಗೆ ಮಾಡಿದರೆ ಮೊದಲು ಸಾಯುವುದು ಒತ್ತಕ್ಷರ. ನಲವತ್ತು ವರ್ಷ ಮೊಳೆ ಜೋಡಿಸಿದ ಬೆಟಗೇರಿಯ ಕಾಕಾ ನನ್ನ ಮೊದಲ ಹಾಳೆ ನೋಡಿದವರೇ, “ತಮ್ಮಾ, ಮೊದ್ಲ ಕಣ್ಣು ಹಚ್ಚು, ಆಮ್ಯಾಲೆ ಪಾನಾ ಹಚ್ಚು” ಅಂದರು. ಕೆಳಗಿರುವುದೆಲ್ಲ ಆ ಮಾತಿನ ವಿಸ್ತರಣೆ.

ಮಷೀನು ಮುಟ್ಟುವ ಮುನ್ನ

ಟ್ರೆಡಲ್ ಬಾಯಿ ತೆರೆದು ಮುಚ್ಚುವ ಯಂತ್ರ. ಒಳಗೆ ಸಿಕ್ಕದ್ದು ಹಾಳೆಯೋ ಬೆರಳೋ ಅದಕ್ಕೆ ಗೊತ್ತಾಗುವುದಿಲ್ಲ, ಫ್ಲೈವೀಲು (ಪಕ್ಕದ ಭಾರದ ಚಕ್ರ) ತಿರುಗುತ್ತಿದ್ದರೆ ಕಾಲು ತೆಗೆದರೂ ತಕ್ಷಣ ನಿಲ್ಲುವುದಿಲ್ಲ. ಹಾಳೆ ಸೊಟ್ಟಗೆ ಕೂತರೆ ಕೂತಿರಲಿ, ಬಿದ್ದರೆ ಬೀಳಲಿ. ಒಂದು ಹಾಳೆ ಹಾಳಾದೀತು, ಅಷ್ಟೇ. ಅದನ್ನು ಹಿಡಿಯಲು ಕೈ ಹಾಕಬೇಡಿ. ಸೆರಗು, ದುಪಟ್ಟಾ, ಹೆಗಲ ಮೇಲಿನ ಟಾವೆಲ್, ಬಳೆ, ಉಂಗುರ, ಬಿಟ್ಟ ಕೂದಲು, ಯಾವುದೂ ಮಷೀನಿನ ಹತ್ತಿರ ಬೇಡ. ಯಾರಾದರೂ ಹಿಂದೆ ಮೋಟಾರು ಕೂರಿಸಿದ್ದರೆ ಕಲಿಯುವ ತನಕ ಅದರ ಬೆಲ್ಟು ಬಿಚ್ಚಿಡಿ.

ಮೊಳೆಯಲ್ಲಿರುವುದು ಬಹುಪಾಲು ಸೀಸ, ಜೊತೆಗೆ ಆಂಟಿಮನಿ ಮತ್ತು ತವರ. ಮುಟ್ಟಿದರೆ ಅಪಾಯವಿಲ್ಲ, ಮುಟ್ಟಿದ ಕೈ ಬಾಯಿಗೆ ಹೋದರೆ ಅಪಾಯ. ಕೇಸಿನ ಪಕ್ಕದಲ್ಲಿ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಬಾರದು, ಚಹಾ ಕೂಡ ಹೊರಗೆ, ಸಾಬೂನಿನಿಂದ ಕೈ ತೊಳೆದ ಮೇಲೆ. ಹಳೆಯ ಮೊಳೆಯ ಮೇಲೆ ಬಿಳಿ-ಬೂದು ಪುಡಿ ಕಂಡರೆ ಅದು ಸೀಸ ಕೊರೆದು ಎದ್ದ ಪುಡಿ. ಬಾಯಿಂದ ಊದಬೇಡಿ, ಒಣ ಬ್ರಷ್ಷಿನಿಂದ ಕೊಡವಬೇಡಿ. ಮಾಸ್ಕು, ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಪುಡಿ ವಿಪರೀತವಿದ್ದರೆ ಆ ಮೊಳೆ ಬಳಸದಿರುವುದೇ ಒಳ್ಳೆಯದು. ಮಕ್ಕಳಿಗೂ ಗರ್ಭಿಣಿಯರಿಗೂ ಈ ಕೋಣೆಯಲ್ಲಿ ಕೆಲಸವಿಲ್ಲ. ಮನೆಯ ಒಲೆಯಲ್ಲಿ ಮೊಳೆ ಕರಗಿಸುವ ಸಾಹಸವಂತೂ ಯಾರಿಗೂ ಬೇಡ.

ಇಡೀ ಪುಟ ಮಸುಕಾಗಿ ಬರುತ್ತಿದೆ

ಮೊದಲು ಮಷೀನಿನ ಎಡಗಡೆಯ ಹಿಡಿಕೆ ನೋಡಿ. ಒತ್ತು ಬೀಳದಂತೆ ತಪ್ಪಿಸುವ ಹಿಡಿಕೆ ಅದು. ಹಿಂದಕ್ಕೆ ಸರಿದಿದ್ದರೆ ಮೊಳೆಗೂ ಹಾಳೆಗೂ ಸರಿಯಾಗಿ ಭೇಟಿಯೇ ಆಗುವುದಿಲ್ಲ. ನಾನು ಮುಕ್ಕಾಲು ತಾಸು ಶಾಯಿ ಹಚ್ಚಿ, ಒರೆಸಿ, ಮತ್ತೆ ಹಚ್ಚಿ ಸುಸ್ತಾಗಿ ಕೂತಾಗ ಕಾಕಾ ಒಂದು ಬೆರಳಿನಿಂದ ಆ ಹಿಡಿಕೆ ಮುಂದಕ್ಕೆ ತಳ್ಳಿದರು. ಮಾತಾಡಲಿಲ್ಲ, ಅದೇ ಇನ್ನೂ ನಾಚಿಕೆಯಾಯಿತು.

ಹಿಡಿಕೆ ಸರಿಯಿದ್ದರೆ ಶಾಯಿಯ ಕಡೆ ಕಿವಿ ಕೊಡಿ. ಹೌದು, ಕಿವಿ. ಶಾಯಿತಟ್ಟೆಯ ಮೇಲೆ ರೋಲರ್ ಓಡುವಾಗ ಸಣ್ಣಗೆ ಚುರ್ ಎನ್ನಬೇಕು. ಸದ್ದೇ ಇಲ್ಲವೆಂದರೆ ಶಾಯಿ ಕಡಿಮೆ. ಪಚಪಚ ಎಂದರೆ ಜಾಸ್ತಿ; ಆಗ ತಟ್ಟೆಯ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿಯೂ ಕಾಣುತ್ತದೆ. ಬಟಾಣಿ ಗಾತ್ರದ ಶಾಯಿಯಿಂದ ಶುರುಮಾಡಿ, ಬೇಕೆನಿಸಿದಾಗ ಕಡಲೆಯಷ್ಟು ಸೇರಿಸುತ್ತ ಹೋಗಿ. ಡಿಸೆಂಬರ್-ಜನವರಿಯ ಬೆಳಗಿನ ಚಳಿಗೆ ಶಾಯಿ ಬಿಗಿದು ಹರಡುವುದಿಲ್ಲ. ಡಬ್ಬಿಯನ್ನು ಅರ್ಧ ತಾಸು ಬಿಸಿಲಲ್ಲಿಟ್ಟರೆ ಸಾಕು, ಎಣ್ಣೆ ಸುರಿದು ತೆಳು ಮಾಡಬೇಡಿ.

ಆಮೇಲೆ ರೋಲರಿನ ಎತ್ತರ. ಶಾಯಿ ಹಚ್ಚಿದ ರೋಲರನ್ನು ದೊಡ್ಡ ಮೊಳೆಯೊಂದರ ಮುಖಕ್ಕೆ ಮೆತ್ತಗೆ ತಾಗಿಸಿ ಎತ್ತಿ. ಬೀಳುವ ಶಾಯಿಪಟ್ಟಿ ಸುಮಾರು 3 ಮಿ.ಮೀ. ಅಗಲವಿದ್ದರೆ ಸರಿ. ಪಟ್ಟಿಯೇ ಬೀಳದಿದ್ದರೆ ರೋಲರ್ ಮೇಲೆ ಓಡುತ್ತಿದೆ, ಮೊಳೆಗೆ ಶಾಯಿ ಸಿಗುತ್ತಿಲ್ಲ. ಎರಡು ತುದಿಯ ಗಾಲಿ ರೋಲರಿಗಿಂತ ದಪ್ಪವಿವೆಯೋ, ಅವು ಓಡುವ ಪಟ್ಟಿಯ ಮೇಲೆ ಹಿಂದಿನವರು ಟೇಪು ಅಂಟಿಸಿದ್ದಾರೋ ನೋಡಿ. ನಮ್ಮದರಲ್ಲಿ ಒಂದೇ ಬದಿಗೆ ನಾಲ್ಕು ಪದರ ಟೇಪಿತ್ತು. ಯಾರು, ಯಾವ ಲಗ್ನಪತ್ರಿಕೆಯ ಅವಸರಕ್ಕೆ ಅಂಟಿಸಿದ್ದರೋ.

ಇಷ್ಟಾದ ಮೇಲೂ ಮಸುಕೆಂದರೆ ಮಾತ್ರ ಪ್ಯಾಕಿಂಗಿಗೆ, ಅಂದರೆ ಅಚ್ಚಾಗುವ ಹಾಳೆಯ ಹಿಂದಿರುವ ಕಾಗದದ ಪದರಕ್ಕೆ, ಒಂದು ತೆಳು ಹಾಳೆ ಸೇರಿಸಿ. ಒಂದೇ. ಅಚ್ಚು ತೆಗೆದು ಹಾಳೆಯ ಬೆನ್ನು ಮುಟ್ಟಿ ನೋಡಿ. ಮೊಳೆಯ ಕಾಲದ ಯಾವುದಾದರೂ ಹಳೆಯ ಕನ್ನಡ ಪುಸ್ತಕ ಮನೆಯಲ್ಲಿದ್ದರೆ ಅದರ ಪುಟದ ಬೆನ್ನ ಮೇಲೂ ಬೆರಳಾಡಿಸಿ. ಅಕ್ಷರ ಉಬ್ಬಿದ್ದು ಅರಿವಾಗುವುದು ಅಷ್ಟಕ್ಕಷ್ಟೇ. ಆಳವಾಗಿ ಕೊರೆದಂತಿರಬೇಕೆಂಬುದು ಇತ್ತೀಚಿನ ಆಹ್ವಾನಪತ್ರಿಕೆಗಳ ಫ್ಯಾಷನ್ನು. ಅದು ದಪ್ಪ ಹತ್ತಿ ಕಾಗದಕ್ಕೂ ಅದಕ್ಕೆಂದೇ ಮಾಡಿದ ಬ್ಲಾಕಿಗೂ ಸರಿ. ಮತ್ತೆ ಸಿಗದ ಸೀಸದ ಮೊಳೆಗೆ ಅಲ್ಲ.

ಒಂದು ಬದಿ ದಟ್ಟ, ಇನ್ನೊಂದು ಬದಿ ತೆಳು

ನನ್ನ ಬಹಳ ದಿನ ತಿಂದ ದೋಷವಿದು. ಎಡಗಡೆಯ ಪುಟ ಕಾಡಿಗೆ, ಬಲಗಡೆಯದು ಬೂದಿ.

ಮೊದಲ ತಪಾಸಣೆ ಕಸ. ಫರ್ಮಾ (ಜೋಡಿಸಿ ಬಿಗಿದ ಮೊಳೆಯ ಪುಟ) ಕೂರಿಸುವ ಜಾಗದಲ್ಲಿ, ಅದನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟಾದ ಚೇಸಿನ ಹಿಂದೆ, ಮೊಳೆಯ ಪಾದದಲ್ಲಿ ಒಣಗಿದ ಶಾಯಿಯ ಚೂರೋ ಕಾಗದದ ತುಣುಕೋ ಇದ್ದರೆ ಅಲ್ಲಿ ಮೊಳೆ ಎದ್ದು ನಿಲ್ಲುತ್ತದೆ. ಮೊಳೆಯ ಎತ್ತರ 0.918 ಇಂಚು, ಅಂದರೆ 23.3 ಮಿ.ಮೀ. ಈ ಲೆಕ್ಕದಲ್ಲಿ ಒಂದು ಕಾಗದದ ದಪ್ಪವೂ ದೊಡ್ಡ ವ್ಯತ್ಯಾಸವೇ. ಚೇಸು ತೆಗೆದು, ಹಿಂಬದಿ ಒರೆಸಿ, ಮತ್ತೆ ಕೂರಿಸಿ. ಕೆಳಗಿನ ಅಂಚು ಪೂರ್ತಿ ಕೂತಿದೆಯೇ, ಮೇಲಿನ ಕೊಂಡಿ ಬಿಗಿದಿದೆಯೇ ನೋಡಿ.

ಎರಡನೆಯದು ನೀವು ಫರ್ಮಾ ಬಿಗಿದ ಕಲ್ಲು. ನಾನು ನೆಲಕ್ಕೆ ಹಾಕಿ ಉಳಿದಿದ್ದ ಶಹಾಬಾದ ಫರಸಿಯ ಮೇಲೆ ಬಿಗಿಯುತ್ತಿದ್ದೆ. ಕಣ್ಣಿಗೆ ಸಪಾಟು, ಸ್ಕೇಲು ನಿಲ್ಲಿಸಿ ನೋಡಿದರೆ ನಡುವೆ ತಗ್ಗು. ಕಲ್ಲಿನ ತಗ್ಗು ಮೊಳೆಗೆ ಬಂದಿತ್ತು, ಮೊಳೆಯಿಂದ ಹಾಳೆಗೆ. ಅಡುಗೆಮನೆ ಕಟ್ಟೆ ಮಾಡುವವರ ಹತ್ತಿರ ಉಳಿದ ಪಾಲಿಷ್ ಗ್ರಾನೈಟಿನ ತುಂಡು ತಂದ ದಿನ ಅರ್ಧ ರೋಗ ವಾಸಿಯಾಯಿತು.

ಉಳಿದರ್ಧ ಪ್ಯಾಕಿಂಗಿನ ಕೆಲಸ. ಅಚ್ಚಾದ ಹಾಳೆಯನ್ನು ಬೆನ್ನು ಮೇಲಾಗಿ ಕಿಟಕಿಯ ಓರೆ ಬೆಳಕಿಗೆ ಹಿಡಿಯಿರಿ. ಉಬ್ಬು ಜಾಸ್ತಿ ಇದ್ದಲ್ಲಿ ಒತ್ತು ಜಾಸ್ತಿ, ಇಲ್ಲದಲ್ಲಿ ಕಡಿಮೆ. ತೆಳುವಾದ ಜಾಗಕ್ಕೆ ಪೆನ್ಸಿಲ್ಲಿನಿಂದ ಗೆರೆ ಸುತ್ತಿ, ಅದೇ ಆಕಾರದ ಟಿಶ್ಯೂ ಕಾಗದ ಹರಿದು ಪ್ಯಾಕಿಂಗಿನ ಒಳಹಾಳೆಗೆ ಅಂಟಿಸಿ. ಕತ್ತರಿಸಬೇಡಿ, ಹರಿಯಿರಿ, ಹರಿದ ಅಂಚು ತಾನೇ ತೆಳುವಾಗುತ್ತ ಹೋಗುವುದರಿಂದ ಅಚ್ಚಿನಲ್ಲಿ ಗೆರೆ ಬೀಳುವುದಿಲ್ಲ. ದಟ್ಟವಾದ ಜಾಗದಲ್ಲಿ ಒಳಹಾಳೆಯನ್ನೇ ಅಷ್ಟು ಕೊರೆದು ತೆಗೆಯಬಹುದು. ನಮ್ಮ ಎರಡು ಪುಟದ ಫರ್ಮಾಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಕಾಕಾ ಪ್ರಕಾರ ಪ್ರೆಸ್ಸಿನ ನಿಜವಾದ ಕೆಲಸ ಅದೇ, ಅಚ್ಚು ಹಾಕುವುದು ಬರೀ ಕಾಲಿನ ಕೆಲಸ.

ಅಕ್ಕಪಕ್ಕದಲ್ಲಿ ಒಂದೇ ಒಂದು ಅಕ್ಷರ ಮಾತ್ರ ತೆಳುವಾಗಿದ್ದರೆ ಆ ಮೊಳೆ ಸವೆದಿದೆ. ಬದಲಿಸಿ. ಎರಡು ಬೇರೆ ಅಚ್ಚುಕೂಟದ ಮೊಳೆ ಬೆರೆತಿದ್ದರೆ ಇದು ಸಾಲುಸಾಲಾಗಿ ಕಾಣುತ್ತದೆ.

ಹಾಳೆಯನ್ನು ಮೊಳೆಗೆ ಒತ್ತುವ ಲೋಹದ ಹಲಗೆಯ, ಅಂದರೆ ಪ್ಲಾಟನ್ನಿನ, ಹಿಂದಿರುವ ದಪ್ಪ ಬೋಲ್ಟುಗಳನ್ನು ತಿರುಗಿಸಿದರೆ ಈ ದೋಷ ತಕ್ಷಣ ಹೋಗುತ್ತದೆಂದು ಯಾರಾದರೂ ಹೇಳಿಯಾರು. ಹೋಗುತ್ತದೆ, ಮತ್ತೆ ನಾಲ್ಕು ಬರುತ್ತವೆ. ಬೇರೆ ಬೇರೆ ಫರ್ಮಾ ಕೂರಿಸಿದರೂ ಯಾವಾಗಲೂ ಅದೇ ಮೂಲೆ ತೆಳುವಾಗುತ್ತಿದ್ದರೆ ಮಾತ್ರ ಪ್ಲಾಟನ್ ಓರೆಯಾಗಿದೆ ಎಂದರ್ಥ. ಆಗ ಹಳೆಯ ಮಷೀನ್‌ಮನ್ ಒಬ್ಬರನ್ನು ಕರೆಸಿ.

‘ಧನ’ ಹೋಗಿ ‘ದನ’ವಾಗಿದೆ

ಸೋದರತ್ತೆಯ ಒಡಪಿನಲ್ಲಿ “ಧನಕ್ಕ ಆಸೆ ಪಡಲಿಲ್ಲ” ಎಂದಿತ್ತು. ಅಚ್ಚಿನಲ್ಲಿ ದನಕ್ಕೆ ಆಸೆ ಪಡಲಿಲ್ಲವೆಂದು ಬಂತು. ಮೊಳೆ ಜೋಡಿಸಿದ್ದು ಸರಿಯಾಗಿಯೇ ಇತ್ತು. ಧ-ಕಾರದ ಕೆಳಗಿನ ಸೀಳಿನಲ್ಲಿ ಶಾಯಿ ತುಂಬಿತ್ತು.

ಕನ್ನಡದಲ್ಲಿ ಈ ದೋಷ ಬರೀ ಅಂದಗೇಡಲ್ಲ, ಅರ್ಥಗೇಡು. ಪ-ಫ, ಬ-ಭ, ದ-ಧ ಇವುಗಳ ನಡುವೆ ಇರುವುದು ಒಂದು ಸೀಳು. ರ-ಠ ನಡುವೆ ಒಂದು ಚುಕ್ಕಿ. ಅದಕ್ಕೇ ಪ್ರೂಫ್ ಓದುವಾಗ ಮಹಾಪ್ರಾಣಗಳನ್ನೇ ಹುಡುಕಿ ನೋಡಿ. ಶಾಯಿ ಹದ ತಪ್ಪಿದ್ದು ಮೊದಲು ಅಲ್ಲಿ ಕಾಣುತ್ತದೆ.

ಎಲ್ಲ ಅಕ್ಷರವೂ ತುಂಬಿದ್ದರೆ ಶಾಯಿ ಜಾಸ್ತಿ. ತಟ್ಟೆಗೆ ರದ್ದಿ ಕಾಗದ ಒತ್ತಿ ಎಳೆದು ಕಡಿಮೆ ಮಾಡಿ, ನಾಲ್ಕೈದು ರದ್ದಿ ಹಾಳೆ ಓಡಿಸಿ. ಅಕ್ಷರದ ಒಂದೇ ಅಂಚಿಗೆ ಶಾಯಿ ಗಡ್ಡೆ ಕಟ್ಟಿದ್ದರೆ ರೋಲರ್ ಕೆಳಗೆ ಓಡುತ್ತ ಮೊಳೆಯ ಬದಿ ಒರೆಸುತ್ತಿದೆ. ಮೇಲೆ ಹೇಳಿದ ಶಾಯಿಪಟ್ಟಿ 3 ಮಿ.ಮೀ.ಗಿಂತ ಬಹಳ ಅಗಲವಿರುತ್ತದೆ. ಅಂಥಲ್ಲಿ ಗಾಲಿ ಓಡುವ ಪಟ್ಟಿಗೆ ಒಂದೊಂದೇ ಪದರ ಟೇಪು ಹಚ್ಚಿ, ಎರಡೂ ಬದಿಗೆ ಸಮನಾಗಿ. ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ತುಂಬಿದ್ದರೆ ಹಳೆಯ ಒಣ ಶಾಯಿ, ಇಲ್ಲವೇ ಕಾಗದದ ನೂಲು. ಕೈಕಾಗದ ಬಳಸುವವರಿಗೆ ನೂಲಿನ ಕಾಟ ಜಾಸ್ತಿ. ಅಚ್ಚಿಗೆ ಮುನ್ನ ಪ್ರತಿ ಹಾಳೆಯನ್ನೂ ಮೆತ್ತನೆ ಬ್ರಷ್ಷಿನಿಂದ ಸವರಿ. ಮೊಳೆಯನ್ನು ಚಿಮಣಿ ಎಣ್ಣೆ ಅದ್ದಿದ ಮೆತ್ತನೆ ಬ್ರಷ್ಷಿನಿಂದ ತೊಳೆದು, ಪೂರ್ತಿ ಒರೆಸಿ. ಸೂಜಿಯಿಂದ ಕೆದಕಬೇಡಿ. ಸೀಸ ಮೆದು, ಗೀರು ಉಳಿಯುತ್ತದೆ.

ಎಣ್ಣೆ, ಶಾಯಿ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ನಮ್ಮೆಲ್ಲರ ಚಾಳಿ. ಅಗಸೆ ಎಣ್ಣೆಯ ಶಾಯಿ ಒಣಗುತ್ತ ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಸೇರಿ, ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿರುವ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ.

ಅಕ್ಷರಕ್ಕೆ ನೆರಳು ಬಿದ್ದಂತಿದೆ

ಒಂದೇ ಅಕ್ಷರ ಎರಡು ಸಲ ಬಿದ್ದ ಹಾಗೆ ಕಂಡರೆ ಒತ್ತು ಬೀಳುವ ಕ್ಷಣದಲ್ಲಿ ಏನೋ ಸರಿದಿದೆ. ಹೆಚ್ಚಿನ ಸಲ ಹಾಳೆ. ಪ್ಯಾಕಿಂಗಿನ ಮೇಲಿನ ಹಾಳೆಯನ್ನು ಬೆರಳಿನಿಂದ ತಟ್ಟಿ: ಹಲಗೆಯ ಹಾಗೆ ಬಿಗಿಯಾಗಿರಬೇಕು, ಹಪ್ಪಳದ ಹಾಗೆ ಉಬ್ಬಿರಬಾರದು. ಹಾಳೆ ಆನಿಸುವ ಗೇಜ್ ಪಿನ್ನು ಅಲುಗಾಡುತ್ತಿದೆಯೇ ನೋಡಿ. ಹಾಳೆಯನ್ನು ಒತ್ತಿ ಹಿಡಿಯುವ ಗ್ರಿಪ್ಪರ್ ಕಡ್ಡಿಗಳನ್ನು ಅಂಚಿನ ಖಾಲಿ ಜಾಗಕ್ಕೆ ಸರಿಸಿ ಬಿಗಿ ಮಾಡಿ. ಆದರೆ ಬಿಗಿ ಮಾಡಿದ ಮೇಲೆ ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ ಒಂದು ಸುತ್ತು ನೋಡದೆ ಕಾಲು ಹಾಕಬೇಡಿ. ಗ್ರಿಪ್ಪರೋ ಪಿನ್ನೋ ಮೊಳೆಯ ಮೇಲೆ ಬಿದ್ದರೆ ಒಂದೇ ಏಟಿಗೆ ಸಾಲುಗಟ್ಟಲೆ ಅಕ್ಷರ ಜಜ್ಜಿಹೋಗುತ್ತವೆ. ನನ್ನ 24 ಪಾಯಿಂಟಿನ ‘ಶ್ರೀ’ ಹೋದದ್ದು ಹಾಗೆ.

ಪದಗಳ ನಡುವೆ ಕಪ್ಪು ಗುರುತು, ಅಥವಾ ಎತ್ತಿದರೆ ಮೊಳೆ ಉದುರುತ್ತಿದೆ

ಎರಡೂ ಒಂದೇ ರೋಗದ ಎರಡು ಮುಖ: ಫರ್ಮಾದ ಬಿಗಿ ಸರಿಯಿಲ್ಲ. ಪದದ ನಡುವೆ ಇಡುವ ಸೀಸದ ತುಂಡು, ಅಂದರೆ ಸ್ಪೇಸು, ಮೊಳೆಗಿಂತ ಗಿಡ್ಡ, ಶಾಯಿ ಮುಟ್ಟಬಾರದು. ಸಡಿಲವಿದ್ದರೆ ಪ್ರತಿ ಒತ್ತಿಗೂ ಕೂದಲೆಳೆಯಷ್ಟು ಮೇಲೇರಿ, ಐವತ್ತನೇ ಹಾಳೆಯ ಹೊತ್ತಿಗೆ ಕಪ್ಪು ಕಂಬವಾಗಿ ಅಚ್ಚಾಗುತ್ತದೆ.

ಫರ್ಮಾದ ಒಂದು ಮೂಲೆಯ ಕೆಳಗೆ ನಾಣ್ಯವಿಟ್ಟು ಎತ್ತರಿಸಿ, ಬೆರಳ ತುದಿಯಿಂದ ಸಾಲುಗಳನ್ನು ಒತ್ತುತ್ತ ಹೋಗಿ. ಕೆಳಗಿಳಿಯುವ ಮೊಳೆ ಇದ್ದ ಸಾಲು ಚಿಕ್ಕದು. ಕೊಯಿನ್ (ನಾಣ್ಯವಲ್ಲ, ಚೇಸಿನೊಳಗೆ ಫರ್ಮಾ ಬಿಗಿಯುವ ಸಾಧನ) ಇನ್ನಷ್ಟು ತಿರುವಿದರೆ ಅದು ಸರಿಹೋಗದು, ಏಕೆಂದರೆ ಪಕ್ಕದ ಉದ್ದ ಸಾಲು ಬಿಗಿಯನ್ನೆಲ್ಲ ತಾನೇ ಹೊರುತ್ತದೆ. ಕೊಯಿನ್ ಸಡಿಲಿಸಿ, ಆ ಸಾಲಿಗೆ ತೆಳು ಸ್ಪೇಸೋ ಕಾಗದದ ಪಟ್ಟಿಯೋ ಸೇರಿಸಿ ಉದ್ದ ಸರಿಮಾಡಿ. ಒತ್ತಕ್ಷರ, ದೀರ್ಘ ಹೆಚ್ಚಿರುವ ಸಾಲಿನಲ್ಲಿ ಸಣ್ಣ ಮೊಳೆಗಳ ಸಂಖ್ಯೆ ಜಾಸ್ತಿ, ಅವೇ ಮೊದಲು ವಾಲುವುದು. ಆಮೇಲೆ ಕೊಯಿನ್ನನ್ನು ಬೆರಳಿನ ಬಿಗಿಗೆ ತಂದು, ಮರದ ಹಲಗೆಯನ್ನು ಮೊಳೆಯ ಮೇಲಿಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿ ಸಮಮಾಡಿ, ನಂತರ ಪೂರ್ತಿ ಬಿಗಿಯಿರಿ. ಅತಿಯಾಗಿ ಬಿಗಿದರೆ ಫರ್ಮಾ ನಡುವೆ ಉಬ್ಬುತ್ತದೆ, ಎತ್ತಿದಾಗ ರೊಟ್ಟಿಯಂತೆ ಬಾಗಿ ಕಾಣುತ್ತದೆ.

ಎರಡು ದಿನವಾದರೂ ಶಾಯಿ ಕೈಗೆ ಹತ್ತುತ್ತಿದೆ

ಇದರಲ್ಲಿ ಊರಿನ ಪಾಲೂ ಇದೆ. ಅದೇ ಶಾಯಿ, ಅದೇ ಕಾಗದ: ಏಪ್ರಿಲ್‌ನಲ್ಲಿ ಗದಗಿನಲ್ಲಿ ಮಾದರಿ ತೆಗೆದಾಗ ಮರುದಿನಕ್ಕೆ ಗರಿಗರಿ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾಲ್ಕನೇ ದಿನಕ್ಕೂ ಹೆಬ್ಬೆರಳು ಕಪ್ಪು. ಗಾಳಿಯ ತೇವಕ್ಕೆ ಶಾಯಿ ಒಣಗುವುದು ನಿಧಾನ.

ಹಾಳೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಮೇಲಿನದರ ಬೆನ್ನಿಗೆ ಕೆಳಗಿನದರ ಅಚ್ಚು ಮೂಡುತ್ತದೆ. ಹಗ್ಗಕ್ಕೆ ಚಿಮಟಿಗೆ ಹಾಕಿ ತೂಗುಬಿಡಿ, ಜಾಗವಿಲ್ಲದಿದ್ದರೆ ನಡುನಡುವೆ ರದ್ದಿ ಹಾಳೆ ಇಟ್ಟು ಹತ್ತು ಹತ್ತರ ಸಣ್ಣ ಕಟ್ಟು ಮಾಡಿ. ನುಣುಪು ಆರ್ಟ್ ಪೇಪರ್ ಬಳಸಿದ್ದರೆ ಶಾಯಿ ಹೀರಿಕೊಳ್ಳಲು ಜಾಗವೇ ಇಲ್ಲ. ಒರಟು ಮೈಯ ಪುಸ್ತಕದ ಕಾಗದಕ್ಕೆ ಬನ್ನಿ. ಆಫ್‌ಸೆಟ್ ಶಾಯಿಯೂ ಇದಕ್ಕೆ ನಡೆಯುತ್ತದೆ, ಹುಬ್ಬಳ್ಳಿಯಲ್ಲಿ ಪ್ರೆಸ್ ಸಾಮಾನಿನ ಅಂಗಡಿಯಲ್ಲಿ ಕೇಳಿ ತರಬಹುದು. ಶಾಯಿ ಬೇಗ ಒಣಗಿಸುವ ಡ್ರೈಯರ್ ದ್ರವ ಬೇಕಾದರೆ ಒಂದೆರಡು ಹನಿ ಬೆರೆಸಿ. ಹೆಚ್ಚಾದರೆ ಶಾಯಿ ರೋಲರಿನ ಮೇಲೇ ಒಣಗಿ, ಸಂಜೆ ತೊಳೆಯುವಾಗ ಅಳು ಬರುತ್ತದೆ.

ರೋಲರ್ ಅಂಟುತ್ತಿದೆ, ಬೆವರುತ್ತಿದೆ, ಚಪ್ಪಟೆಯಾಗಿದೆ

ಉಗುರು ಒತ್ತಿ ನೋಡಿ. ಬೆಲ್ಲದ ಹಾಗೆ ಮೆತ್ತಗಿದ್ದರೆ ಅದು ಹಳೇ ಕಾಲದ ಎರಕದ ರೋಲರ್; ಬಡಿಗರು ಬಳಸುವ ಸರೇಸು, ಗ್ಲಿಸರಿನ್ ಬೆರೆಸಿ ಎರೆದದ್ದು. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕರಗಲು ನೋಡುತ್ತದೆ. ನೀರು ತಾಗಿಸಬೇಡಿ. ಮಧ್ಯಾಹ್ನದ ಉರಿಯಲ್ಲಿ ಅಚ್ಚು ನಿಲ್ಲಿಸಿ, ಬೆಳಿಗ್ಗೆ ಕೆಲಸ ಮಾಡಿ. ರಬ್ಬರಿನದಾದರೆ ಈ ಚಿಂತೆಯಿಲ್ಲ, ಆದರೆ ವರ್ಷಗಳ ಶಾಯಿ ಕೂತು ಗಾಜಿನ ಹಾಗೆ ನುಣುಪಾಗಿ, ಶಾಯಿ ಹಿಡಿಯದೆ ಹೋಗಿರಬಹುದು. ತಟ್ಟೆಯ ಮೇಲೇ ರೋಲರ್ ಬಿಟ್ಟು ಹೋಗುವವರ ರೋಲರಿಗೆ ಒಂದು ಬದಿ ಚಪ್ಪಟೆ ಬೀಳುತ್ತದೆ, ಪುಟದಲ್ಲಿ ಅಡ್ಡ ತೆಳು ಪಟ್ಟಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿ, ಮೈ ಏನಕ್ಕೂ ತಾಗದಂತೆ ಎರಡು ತುದಿಯ ಆಧಾರದಲ್ಲಿ ನಿಲ್ಲಿಸಿ. ಬಿರುಕು ಬಿಟ್ಟ, ಕರಗಿ ತಗ್ಗಾದ ರೋಲರಿಗೆ ಮನೆಮದ್ದಿಲ್ಲ. ಹೊಸ ರಬ್ಬರ್ ಸುತ್ತಿಸಬೇಕು.

ಪುಟ ಹಿಂದುಮುಂದಾಗಿದೆ, ಮಡಿಕೆ ಸೀಳುತ್ತಿದೆ

ಹದಿನಾರು ಪುಟವೆಂದರೆ ನಾಲ್ಕು ಹಾಳೆ, ಒಂದರೊಳಗೊಂದು. ಅಕ್ಕಪಕ್ಕ ಬೀಳುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17: ಹೊರಹಾಳೆಯಲ್ಲಿ 16-1, ಅದರ ಬೆನ್ನಿಗೆ 2-15, ಹೀಗೆ ಒಳಗಿನ 8-9ರ ತನಕ. 17 ಬರದಿದ್ದರೆ ನಿಲ್ಲಿಸಿ. ಮೊಳೆ ಕನ್ನಡಿಯ ಬಿಂಬ, ಆದ್ದರಿಂದ ಹಾಳೆಯ ಬಲಕ್ಕೆ ಬರಬೇಕಾದ ಪುಟ ಫರ್ಮಾದಲ್ಲಿ ಎಡಕ್ಕಿರುತ್ತದೆ. ಅಚ್ಚಿಗೆ ಮುನ್ನ ರದ್ದಿ ಕಾಗದ ಮಡಚಿ, ಪುಟಸಂಖ್ಯೆ ಬರೆದ ಮಾದರಿ ಪುಸ್ತಕ ಒಂದನ್ನು ಮಾಡಿ ಮಷೀನಿಗೆ ತೂಗುಹಾಕಿ. ನಾನು ಮಾಡಿರಲಿಲ್ಲ, ಐವತ್ತು ಹಾಳೆ ರದ್ದಿಗೆ ಹೋಯಿತು.

ಮಡಿಕೆ ಸೀಳಿದರೆ ಕಾಗದದ ನಾರು ಅಡ್ಡ ಇದೆ. ಸಣ್ಣ ಚೌಕವೊಂದರ ಒಂದು ಮೈ ಒದ್ದೆ ಮಾಡಿ. ಅದು ಕೊಳವೆಯಾಗಿ ಸುರುಳುತ್ತದೆ. ಕೊಳವೆಯ ಉದ್ದ ಯಾವ ಕಡೆಗೋ ನಾರು ಆ ಕಡೆಗೆ. ಪುಸ್ತಕದ ಬೆನ್ನು ಅದಕ್ಕೆ ಸಮಾನಾಂತರವಾಗಿರಲಿ.

ಎದುರು ಬದಿ ಸರಿಯಾಗಿ ಬಂದು, ನಾಲ್ಕು ದಿನ ಬಿಟ್ಟು ಅಚ್ಚುಮಾಡಿದ ಬೆನ್ನು ಮಾತ್ರ ಸರಿದಿದ್ದರೆ ಗೇಜ್ ಪಿನ್ನನ್ನು ಬೈಯಬೇಡಿ. ನಡುವೆ ಮಳೆ ಬಂದು ಕಾಗದ ಹಿಗ್ಗಿದೆ. ಕಟ್ಟು ಬಿಚ್ಚಿ ಅದೇ ಕೋಣೆಯಲ್ಲಿ ಎರಡು ದಿನ ಇಟ್ಟ ಮೇಲೆ ಕೆಲಸ ಶುರುಮಾಡಿ, ಎರಡೂ ಬದಿಯನ್ನು ಆದಷ್ಟು ಹತ್ತಿರದ ದಿನಗಳಲ್ಲಿ ಮುಗಿಸಿ.

ಟಕ್ ಎಂಬ ಹೊಸ ಸದ್ದು, ಕಾಲಿಗೆ ಬಿಗಿ

ತಕ್ಷಣ ನಿಲ್ಲಿಸಿ. ಇಲ್ಲಿ ಪ್ರಯೋಗ ಬೇಡ. ಫ್ಲೈವೀಲು ಪೂರ್ತಿ ನಿಂತ ಮೇಲೆ ಎಣ್ಣೆ ತೂತುಗಳಲ್ಲಿ ಕಸ ತೆಗೆದು ಎಣ್ಣೆ ಬಿಡಿ. ಹಳೇ ಮಷೀನಿನ ಅರ್ಧ ದೂರು ಎಣ್ಣೆಗೇ ಹೋಗುತ್ತದೆ. ಬಿದ್ದ ಕೊಯಿನ್ ಕೀಲಿಯೋ ಮೊಳೆಯೋ ಸಂದಿಯಲ್ಲಿ ಸಿಕ್ಕಿದೆಯೇ ಟಾರ್ಚು ಹಿಡಿದು ನೋಡಿ, ತೆಗೆಯಲು ಕಡ್ಡಿ ಬಳಸಿ. ಮತ್ತೆ ಕೈಯಿಂದ ಒಂದು ಸುತ್ತು. ಸದ್ದು ಅದೇ ಜಾಗದಲ್ಲಿ ಮತ್ತೆ ಬಂದರೆ, ಅಥವಾ ಎರಕದ ಕಬ್ಬಿಣದ ಮೇಲೆ ಕೂದಲಿನಂಥ ಗೆರೆ ಕಂಡು, ಒರೆಸಿದ ಮೇಲೂ ಅದರಿಂದ ಎಣ್ಣೆ ಜಿನುಗಿದರೆ ಅದು ಬಿರುಕು. ಒತ್ತು ಬೀಳುವಾಗ ಅದು ಒಡೆದರೆ ಎದುರಿಗಿರುವುದು ನಿಮ್ಮ ಮೈ. ಗೇಟು ಬೆಸೆಯುವವರಿಂದ ವೆಲ್ಡಿಂಗ್ ಮಾಡಿಸಬೇಡಿ, ಎರಕದ ಕಬ್ಬಿಣ ಆ ಬೆಸುಗೆಗೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಎರಕದ ಕೆಲಸ ಬಲ್ಲ ಫಿಟ್ಟರ್ ನೋಡುವ ತನಕ ಟ್ರೆಡಲಿನ ಕೊಂಡಿ ಕಳಚಿ, ಫ್ಲೈವೀಲಿಗೆ ಹಗ್ಗ ಕಟ್ಟಿಡಿ. ನಮ್ಮ ಮಷೀನಿನ ಸದ್ದು ಮಾತ್ರ ಬಿರುಕಿನದಾಗಿರಲಿಲ್ಲ. ಶಾಯಿತಟ್ಟೆ ತಿರುಗಿಸುವ ಕೊಕ್ಕೆಯಲ್ಲಿ ಗದಗಿನಿಂದಲೇ ಬಂದ ಒಂದು ‘ಳ’ ಒತ್ತಕ್ಷರದ ಮೊಳೆ ಸಿಕ್ಕಿಕೊಂಡಿತ್ತು. ತೆಗೆದು ಕೇಸಿಗೆ ಹಾಕಿದೆ. ಹನ್ನೊಂದನೇ ಪುಟದ ‘ಬಳ್ಳಿ’ಗೆ ಅದೇ ಒದಗಿತು.